ಸೋಲುವುದನ್ನೇ ಕಲಿತ ದುರುಗಿಯ ಚದುರಂಗ

ಹೂಂಗುಟ್ಟಿರಿ ಮತ್ತೆ, ಹೂಂಗುಟ್ಟದಿದ್ದರೆ ಕಥೆ ಗೋಡೆಯ ಪಾಲಾಗುತ್ತದೆ. ಯಾವುದೋ ಒಂದು ಸೀಮೆ, ಅಲ್ಲೊಬ್ಬ ರಾಜ. ಅವನಿಗೆ ಚದುರಂಗದ ಹುಚ್ಚು. ಬೆಳಿಗ್ಗೆ ಆಡಿದರೆ ಗೆಲುವು, ಉಂಡು ಆಡಿದರೆ ಗೆಲುವು, ತೂಕಡಿಸುತ್ತ ಆಡಿದರೂ ಗೆಲುವು. ಹೇಗೆ? ಎದುರಿಗೆ ಕೂರುತ್ತಿದ್ದ ಭರಮಣ್ಣನ ಕೆಲಸವೇ ಸೋಲುವುದು. ಕುದುರೆಯ ಹಿಂದೆ, ಅರಸನ ಮುಂದೆ ನಿಲ್ಲಬೇಡ ಅಂತಾರೆ. ಹೊಟ್ಟೆ ಕೇಳಬೇಕಲ್ಲ, ಭರಮಣ್ಣ ಕೂರುತ್ತಿದ್ದ. ಬೇಕಂತಲೇ ಸೋತದ್ದು ಕಾಣಬಾರದು. ಕಂಡರೆ ತಲೆ ಹೋಗುತ್ತದೆ.

ಅವನ ಮಗಳು ದುರುಗಿ. ಮುಂದೆ ಏಳು ನಾಡಿನ ಆಟಗಾರರು ಅವಳ ಹೆಸರು ಕೇಳಿಯೇ ಚದುರಂಗದ ಹಾಸು ಮಡಚಿದರು. ಆಗಿನ್ನೂ ಹಾಲುಹಲ್ಲು ಉದುರುವ ವಯಸ್ಸು. ಅಪ್ಪನ ಪಕ್ಕ ಕೂತು ನೋಡಿ ನೋಡಿ ಅವಳು ತಿಳಿದದ್ದೇನು? ತನ್ನ ರಾಜನನ್ನು ತಾನೇ ಸಿಕ್ಕಿಸಿಕೊಂಡವನು ಜಾಣ, ಅದೇ ಆಟ ಎಂದು. ಮಗುವಿನ ತಪ್ಪೇ ಇದು? ಆ ಅರಮನೆಯಲ್ಲಿ ಬೇರೆ ಆಟ ಯಾರು ಆಡಿದ್ದರು ಹೇಳಿ?

ಒಂದು ದಿನ ನೆರೆನಾಡಿನ ಆಟಗಾರನೊಬ್ಬ ಬಂದ. ರಾಜ ಜಂಬದಲ್ಲಿ ಊರಿನ ಕೆರೆಯನ್ನೇ ಪಣಕ್ಕಿಟ್ಟ. ಕೆರೆ ಅವನಪ್ಪ ತೋಡಿದ್ದೇ? ಮಣ್ಣು ಹೊತ್ತವರು ನಮ್ಮಂಥವರು. ಆಟದ ಹೊತ್ತಿಗೆ ರಾಜನಿಗೆ ಹೊಟ್ಟೆನೋವು ಬಂತಂತೆ, ಭರಮಣ್ಣನನ್ನು ಕೂರಿಸಿದ. ಭರಮಣ್ಣ ಕಾಯಿ ಮುಟ್ಟದೆ ಹಿಂದೆ ಸರಿದ. ಗೆಲ್ಲುವ ದಾರಿಯೇ ಮರೆತುಹೋಗಿದೆ ಎಂದ. ಹಾಗಾದರೆ ನಾನು ಆಡುತ್ತೇನೆ ಎಂದು ದುರುಗಿ ಕೂತಳು.

“ಅಪ್ಪಾ, ಗೆಲ್ಲೋದು ಅಂದ್ರೆ ಏನು?”

“ನಾನು ದಿನಾ ಮಾಡೋದನ್ನ ಇವತ್ತು ಅವನು ಮಾಡಬೇಕು, ಮಗಳೇ.”

ಹುಡುಗಿಗೆ ತಲೆ ಗಿರ್ರೆಂದಿತು. ಎದ್ದು ಆಟಗಾರನ ಬೆನ್ನ ಹಿಂದೆ ನಿಂತಳು. ಇಲ್ಲಿ ಅಪ್ಪ ಕೂತಿದ್ದರೆ ತನ್ನ ರಾಜನನ್ನು ಎಲ್ಲಿ ಸಿಕ್ಕಿಸುತ್ತಿದ್ದ? ನೋಡಿದಳು, ಬಂದು ಅವನ ರಾಜನನ್ನು ಅಲ್ಲಿಗೇ ಅಟ್ಟುವಂತೆ ಆನೆ ನಡೆಸಿದಳು. ಮತ್ತೆ ಹೋದಳು, ಬಂದು ಕುದುರೆ ಹಾರಿಸಿದಳು. ಮತ್ತೆ ಹೋದಳು, ಬಂದು ಕಾಲಾಳು ನೂಕಿದಳು. ಆಟಗಾರನಿಗೂ ಗೊಂದಲ, ಸಭೆಗೂ ಗೊಂದಲ. ಕೊನೆಗೆ ಅವನ ರಾಜನಿಗೆ ಸರಿಯಲು ಒಂದು ಮನೆಯೂ ಉಳಿಯಲಿಲ್ಲ. ಕೆರೆ ಉಳಿಯಿತು.

ಈಗ ದೊರೆಯ ಹೊಟ್ಟೆನೋವು ಹೋಯಿತು ನೋಡಿ. ತನ್ನ ಜೊತೆ ಆಡು ಎಂದ. ಮಂತ್ರಿ ಕಣ್ಣು ಮಿಟುಕಿಸಿದ, ಅಪ್ಪ ಕೆಮ್ಮಿದ. ಯಾಕೆಂದು ದುರುಗಿಗೆ ತಿಳಿಯಲಿಲ್ಲ. ಈಗಷ್ಟೇ ಕಲಿತ ಹಾಗೆ ಆಡಿದಳು. ಬಾಯಿಯ ವೀಳ್ಯ ಕೆಂಪಾಗುವುದರೊಳಗೆ ದೊರೆ ಸೋತಿದ್ದ.

ಹುಡುಗಿ ಹುಬ್ಬು ಗಂಟಿಕ್ಕಿ ಕೇಳಿದಳು: “ದೊರೆಗಳೇ, ನಿಮ್ಮನ್ನ ಗೆಲ್ಲಿಸೋಕೆ ನಮ್ಮಪ್ಪ ದಿನವೆಲ್ಲಾ ಒದ್ದಾಡ್ತಾನೆ. ಸೋಲಿಸೋದು ಇಷ್ಟು ಸುಲಭವಾ?”

ಕಥೆ ನಿಮ್ಮ ಮಡಿಲಿಗೆ ಬಿತ್ತು. ಬಗ್ಗಿ ಕೂತವರು ನೆಟ್ಟಗಾಗಿ.