ಸಿಗ್ನಲ್ಲಿನಲ್ಲಿ ಇಂಜಿನ್ ಆಫ್

ಕದ್ದು ಕೇಳುವ ಚಾಳಿ ಟೈಲರನದಲ್ಲ. ಆದರೆ ಕಿವಿಗೆ ರೆಪ್ಪೆಯಿಲ್ಲವಲ್ಲ. ಪೆಟ್ರೋಲ್ ಬಂಕಿನ ಸಾಲು ಆಮೆಯಂತೆ ತೆವಳುತ್ತಿತ್ತು. ಅವನ ಸ್ಕೂಟರಿನ ಪಕ್ಕದಲ್ಲೇ ಒಂದು ಹಳೇ ಕಾರು, ಕಿಟಕಿ ತೆರೆದಿತ್ತು; ಒಳಗೆ ಸ್ಟಿಯರಿಂಗ್ ಹಿಡಿದ ಮೈದುನ, ಪಕ್ಕದಲ್ಲಿ ಅತ್ತಿಗೆ.

“ಹೊಸ ಸ್ಟಾರ್ಟರ್ ಹಾಕಿಸಿದ್ದಾಯ್ತು ಅತ್ತಿಗೆ. ಅಣ್ಣ ಸಿಗ್ನಲ್ ಸಿಗ್ನಲ್‌ಗೂ ಇಂಜಿನ್ ಆಫ್ ಮಾಡಿ ಮಾಡಿ ಹಳೇದು ಸವೆದುಹೋಗಿತ್ತಂತೆ.”

“ಪೆಟ್ರೋಲ್ ಉಳಿಯುತ್ತೆ ಅಂತಿದ್ರಪ್ಪ.”

“ಉಳಿಯುತ್ತೆ, ಇಲ್ಲ ಅನ್ನಲ್ಲ. ತುಂಬಾ ಹೊತ್ತು ನಿಲ್ಲೋ ಕಡೆ ಸರಿ. ಚೂರು ನಿಂತಲ್ಲೆಲ್ಲ ಆಫ್ ಮಾಡಿದ್ರೆ, ಉಳಿಸಿದ್ದನ್ನ ಮೆಕ್ಯಾನಿಕ್‌ಗೇ ಸುರೀಬೇಕು. ಸಾಲದ್ದಕ್ಕೆ ಇಳಿಜಾರಲ್ಲಿ ನ್ಯೂಟ್ರಲ್ ಬೇರೆ. ಬ್ರೇಕ್ ಕೈ ಕೊಟ್ಟಿದ್ರೆ?”

“ನಾನು ಬೈದ ಮೇಲೆ ನ್ಯೂಟ್ರಲ್ ಬಿಟ್ರು. ಸಿಗ್ನಲ್‌ನಲ್ಲಿ ಆಫ್ ಮಾಡೋದನ್ನ ಮಾತ್ರ ಬಿಡಲಿಲ್ಲ.”

“ಹಟ.”

“ಹಟ ಅಲ್ಲ ಕಣೋ. ಅವರಿಗೆ ಕಿವಿ ಮಂದ ಆಗಿತ್ತು, ನಿಮಗ್ಯಾರಿಗೂ ಹೇಳಿರಲಿಲ್ಲ. ಈ ಇಂಜಿನ್ ಸದ್ದಲ್ಲಿ ನನ್ನ ಮಾತು ಕೇಳಿಸ್ತಿರಲಿಲ್ಲ. ಕೆಂಪು ಬಿದ್ದ ತಕ್ಷಣ ಆಫ್ ಮಾಡಿ, ‘ಈಗ ಹೇಳು’ ಅನ್ನೋರು. ಪೆಟ್ರೋಲ್ ಬರೀ ನೆಪ.”

ಮೈದುನ ಇಂಜಿನ್ನಿನ ಕೀಯತ್ತ ನೋಡಿದ.

“ಎದೆನೋವು ಅಂತ ಆ ಕೊನೇ ದಿನ ತಾವೇ ಓಡಿಸ್ಕೊಂಡು ಆಸ್ಪತ್ರೆಗೆ ಹೋದ್ರಲ್ಲ,” ಅಂದಳು ಆಕೆ. “ಒಂದು ಮಾತು ಹೇಳೋಣ ಅಂತ ಪಕ್ಕದಲ್ಲೇ ಕಾಯ್ತಾ ಕೂತಿದ್ದೆ. ದಾರಿಯುದ್ದಕ್ಕೂ ಹಸಿರೇ ಸಿಕ್ತು.”

ಅವರ ಸರದಿ ಬಂತು. ಪೆಟ್ರೋಲ್ ಹಾಕಿಸಿಕೊಂಡು ಕಾರು ಗಡಗಡ ಸದ್ದು ಮಾಡುತ್ತ ರಸ್ತೆಗಿಳಿಯಿತು. ಟೈಲರು ನೋಡುತ್ತಲೇ ಇದ್ದ. ಮೂಲೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಇಂಜಿನ್ನಿನ ಗಡಗಡ ಸದ್ದು ನಿಂತಿತು. ಹಸಿರು ಬೀಳುವ ತನಕ ಇಬ್ಬರೂ ಎದುರಿನ ಗಾಜನ್ನೇ ನೋಡುತ್ತ ಸುಮ್ಮನೆ ಕುಳಿತಿದ್ದರು.