ಟಾಲಿವರನ ಬಿಕ್ಕಳಿಕೆ

ಮಾತು ಮೆಲ್ಲಗಿರಲಿ... ಒಳಗೆ ಮಕ್ಕಳು ಮಲಗಿವೆ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಲೆಮ್ಯುಯೆಲ್‌ಗೆ ಆದದ್ದು. ಇಲ್ಲೇ, ಪಿಟ್ಸ್‌ಬರ್ಗಿನ ಈ ಗುಡ್ಡದ ಮೇಲೆ.

ಆವತ್ತು ಗುರುವಾರ. ತುಂಬ ಹೊತ್ತಾಗಿತ್ತು. ಲೆಮ್ ಕೈಯಲ್ಲಿ ಗಿಟಾರಿನ ಪೆಟ್ಟಿಗೆ ಹಿಡಿದು ಮೆಟ್ಟಿಲ ದಾರಿ ಇಳಿದು ಬರುತ್ತಿದ್ದ. ನದಿಯ ಕಡೆ ಉಕ್ಕಿನ ಕಾರ್ಖಾನೆಯ ಬೆಂಕಿಗೆ ಆಕಾಶ ಕೆಂಪಗಿತ್ತು. ಬ್ಯಾಪ್ಟಿಸ್ಟ್ ಚರ್ಚಿನ ಹಿಂದೆ ಹಳೇ ಬಾವಿ ಇದೆಯಲ್ಲ, ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದದ್ದು... ಆ ದಾರಿ. ರಾತ್ರಿ ಅಲ್ಲಿ ಏನೇನೋ ಕೇಳಿಸುತ್ತೆ ಅಂತಾರೆ. ಬೇರೆ ದಿನವಾಗಿದ್ದರೆ ಆ ಹೊತ್ತಿನಲ್ಲಿ ಸುತ್ತು ಹಾಕಿಕೊಂಡು ಬರುತ್ತಿದ್ದ. ಆವತ್ತು ಅವನಿಗೆ ಹೆದರಲಿಕ್ಕೂ ಪುರುಸೊತ್ತಿರಲಿಲ್ಲ. ಅಷ್ಟು ಕೋಪ.

ಯಾರ ಮೇಲೆ ಅಂತೀರಾ? ಸತ್ತವನ ಮೇಲೆ.

ಹೊರೇಸ್ ಟಾಲಿವರ್ ಅಂದರೆ ಗುಡ್ಡದವರಿಗೆಲ್ಲ ಗೊತ್ತು. ಸೇದುವ ಸಿಗರೇಟನ್ನು ತಂತಿಯ ತುದಿಗೆ ಸಿಕ್ಕಿಸಿಕೊಂಡು ಗಿಟಾರ್ ಬಾರಿಸುತ್ತಿದ್ದ. ತೀರಿಕೊಂಡು ಆಗ ವರ್ಷವಾಗಿತ್ತೇನೋ, ಮಣ್ಣು ಮಾಡಿದ್ದು ಆ ಚರ್ಚಿನ ಹಿಂದೆಯೇ. ಅವನದು ಅಂತ ಉಳಿದದ್ದು ಒಂದೇ ರೆಕಾರ್ಡು, ಅದರಲ್ಲಿ ಒಂದು ಬ್ಲೂಸ್ ಹಾಡು. ಹಾಡುವವನು ನಿಲ್ಲಿಸಿದ ಮೇಲೆ ಟಾಲಿವರನ ಸೋಲೋ ಬರುತ್ತೆ, ಗಿಟಾರ್ ಒಂದೇ ಮುಂದೆ ನಿಂತು ಮಾತಾಡುವ ಭಾಗ. ಸ್ವರ ಮೇಲಕ್ಕೆ ಹತ್ತುತ್ತೆ, ಹತ್ತುತ್ತೆ, ಇನ್ನೇನು ತುದಿ ಮುಟ್ಟಬೇಕು... ಟಕ್. ತಂತಿಗೆ ಬೆರಳು ಬಡಿದ ಸದ್ದು. ಅರೆ ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಕುಂಯ್ಕ್ ಅಂತ ಒಂದು ಸ್ವರ ಚಿಮ್ಮಿ, ಜಾರಿ, ಕೆಳಗೆ ಬೀಳುತ್ತೆ.

ಊರಿಗೆ ಊರೇ ಅದಕ್ಕೆ ಮರುಳು. ಟಾಲಿವರನ ಬಿಕ್ಕಳಿಕೆ ಅಂತ ಹೆಸರಿಟ್ಟಿದ್ದರು. ಕ್ಷೌರದಂಗಡಿಯಲ್ಲಿ ಅದೇ ಶಿಳ್ಳೆ, ಟ್ರಾಮಿನಲ್ಲಿ ಅದೇ ಶಿಳ್ಳೆ.

ಆಗ ದೊಡ್ಡ ಬೀದಿಯ ಕ್ಲಬ್ಬಿನ ಬ್ಯಾಂಡಿಗೆ ಗಿಟಾರ್‌ನವನೊಬ್ಬ ಬೇಕಾಗಿದ್ದ. ಬ್ಯಾಂಡಿನ ಯಜಮಾನ ಹೇಳಿಕಳಿಸಿದ: ಶನಿವಾರ ಬನ್ನಿ, ಟಾಲಿವರನ ಸೋಲೋ ಬಾರಿಸಿ ತೋರಿಸಿ, ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೇ, ಕೂದಲೆಳೆ ಆಚೀಚೆ ಆಗಕೂಡದು. ಲೆಮ್ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದ. ಪಕ್ಕದಲ್ಲಿ ನಿಲ್ಲುತ್ತಿದ್ದವನ ಬೆರಳುಗಳು ಆ ತಿಂಗಳೇ ಹೋಗಿದ್ದವು. ತನ್ನವು ಹೋಗುವ ಮೊದಲು ಅಲ್ಲಿಂದ ಹೊರಬೀಳಬೇಕು. ಇದೊಂದೇ ಬಾಗಿಲು.

ಸೈನ್ಯದ ಬ್ಯಾಂಡಿನಲ್ಲಿದ್ದಾಗ ಅವನು ಸ್ವರ ಬರೆಯುವುದು ಕಲಿತಿದ್ದ. ಕೆಲಸದಿಂದ ಬಂದವನೇ ಅಡಿಗೆಮನೆ ಮೇಜಿನ ಮೇಲೆ ಗ್ರಾಮಫೋನ್ ಪೆಟ್ಟಿಗೆಗೆ ರೆಕಾರ್ಡು ಹಾಕಿ ಕೂರುತ್ತಿದ್ದ. ಮುಳ್ಳು ಇಡುವುದು, ನಾಲ್ಕು ಸ್ವರ ಕೇಳುವುದು, ಮುಳ್ಳು ಎತ್ತುವುದು, ತಂತಿಯ ಮೇಲೆ ಹುಡುಕುವುದು, ಹಾಳೆಗೆ ಇಳಿಸುವುದು. ಮತ್ತೆ ಮುಳ್ಳು. ವೇಗ ಇಳಿಸಿ ಹಾಕಿದರೆ ಗಿಟಾರ್ ಮುದಿ ಗೂಳಿಯ ಹಾಗೆ ಗುಟುರು ಹಾಕುತ್ತಿತ್ತು. ಆದರೂ ಸ್ವರ ಒಂದೊಂದೇ ಬಿಡಿಸಿಕೊಂಡು ಸಿಗುತ್ತಿದ್ದವು. ಎಲ್ಲ ಸಿಕ್ಕಿತು. ಆ ಬಿಕ್ಕಳಿಕೆ ಸಿಗಲಿಲ್ಲ. ಯಾವ ಬೆರಳು, ಯಾವ ತಂತಿ, ಎಲ್ಲಿಂದ ಎಲ್ಲಿಗೆ ಹಾರಿದ... ಹೇಗೆ ಬಾರಿಸಿದರೂ ಬೇರೆಯೇ.

ಅವನ ಹೆಂಡತಿ ಕ್ಲಿಯೋಟಾ ಒಲೆ ಮುಂದೆ ನಿಂತು ನೋಡಿ ನೋಡಿ ಸಾಕಾಗಿದ್ದಳು.

"ಲೆಮ್, ಆ ಸತ್ತೋನಿಗೆ ಒಂದ್ ಲೋಟ ನೀರು ಕುಡ್ಸಿ ಕಳ್ಸು. ಎಷ್ಟು ದಿನದಿಂದ ಬಿಕ್ಕಳಿಸ್ತಾ ಇದಾನೆ ನನ್ನ ಅಡಿಗೆಮನೇಲಿ."

"ಬಾಯ್ ಮುಚ್ಚು."

"ನಾನ್ ಮುಚ್ತೀನಿ. ನೀನು ಆ ಪೆಟ್ಟಿಗೆ ಮುಚ್ಚು. ಮುಸುರೆ ತಿಕ್ಕೋವಾಗ್ಲೂ ನನ್ ಕಿವೀಲಿ ಅದೇ, ಟಕ್ ಕುಂಯ್ಕ್, ಟಕ್ ಕುಂಯ್ಕ್..."

"ಬೇಕೂಂತ ಬಚ್ಚಿಟ್ಟಿದಾನೆ ಕಣೇ ಅವ್ನು! ಯಾರ ಕೈಗೂ ಸಿಗಬಾರ್ದು ಅಂತ!" ಲೆಮ್ ಮೇಜಿಗೆ ಗುದ್ದಿದ. ಮುಳ್ಳು ರೆಕಾರ್ಡಿನ ಮೇಲೆ ಕರ್ರ್ ಅಂತ ಗೀರಿತು.

"ಅವ್ನ ಹೆಂಡ್ತಿ ಬದುಕಿದಾಳಲ್ಲ, ಹೋಗಿ ಕೇಳು. ನನ್ ಮೇಜ್ ಏನ್ ಮಾಡ್ತು ನಿಂಗೆ?"

ಹಾಗೆ ಅವನು ಗುರುವಾರ ಸಂಜೆ ಗುಡ್ಡದ ನೆತ್ತಿಗೆ ಹತ್ತಿ ಹೋದದ್ದು. ಟಾಲಿವರನ ಹೆಂಡತಿ ಇಮೋಜೀನಮ್ಮ ಬಾಗಿಲು ತೆಗೆದು, ಕೂರಿಸಿ, ಕಾಫಿ ಕೊಟ್ಟಳು. ಗೆಣಸಿನ ಪೈ ಒಂದು ತುಂಡು ತಟ್ಟೆಗೆ ಹಾಕಿ ಮುಂದಿಟ್ಟಳು. ಅದೂ ಇದೂ ಮಾತಾಯಿತು. ಹೊತ್ತು ಹೋಯಿತು. ಕೊನೆಗೆ ಲೆಮ್ ಬಾಯಿ ಬಿಟ್ಟ. ಆ ಬಿಕ್ಕಳಿಕೆ ಅವರು ಹೇಗೆ ಬಾರಿಸುತ್ತಿದ್ದರು, ನೀವು ನೋಡಿದ್ದೀರಲ್ಲ, ಸ್ವಲ್ಪ ಹೇಳಿ ಅಮ್ಮಾ ಅಂದ.

ಇಮೋಜೀನಮ್ಮ ಕೈ ಚಾಚಿ ತಟ್ಟೆ ವಾಪಸ್ ಎಳೆದುಕೊಂಡಳು.

"ನೀನೂ ಅದನ್ನೇ ಕೇಳೋಕ್ ಬಂದ್ಯಾ?"

"ಅಮ್ಮಾ, ಶನಿವಾರ..."

"ಅದು ಸಂಗೀತ ಅಲ್ಲ ಕಣೋ! ರೆಕಾರ್ಡಿನ ದಿನ ನಾನು ಅಲ್ಲೇ ಗೋಡೆ ಪಕ್ಕ ನಿಂತಿದ್ದೆ. ಹೊರೇಸ್ ಕಣ್ಮುಚ್ಚಿ ಬಾರಿಸ್ತಿದಾನೆ. ಆ ರೆಕಾರ್ಡ್ ಕಂಪನಿಯ ಬಿಳಿ ಮನುಷ್ಯ ಗಡಿಯಾರ ನೋಡ್ದ. ರೆಕಾರ್ಡಿನ ಆ ಮಗ್ಗುಲು ತುಂಬೋಕ್ ಬಂತು ಅಂತ. ಸನ್ನೆ ಮಾಡ್ಬಹುದಿತ್ತು. ಮಾಡ್ಲಿಲ್ಲ. ಸೀದಾ ಬಂದು ಇವನ ಹೆಗಲ ಮೇಲೆ ಕೈ ಹಾಕಿ ಅದುಮ್ದ. ಇವ್ನು ಬೆಚ್ಚಿಬಿದ್ದ. ಬೆರಳು ತಪ್ತು. ಟಕ್. ಅಷ್ಟೇ ನಿಮ್ ಬಿಕ್ಕಳಿಕೆ."

ಲೆಮ್ ಕಾಫಿ ಲೋಟ ಕೆಳಗಿಟ್ಟ.

"ಇನ್ನೊಂದ್ ಸಲ ಬಾರಿಸ್ತೀನಿ ಅಂತ ಗೋಗರೆದ. 'ನಿಮ್ ಕರಿ ಜನಕ್ಕೆ ಇಷ್ಟು ಸಾಕು' ಅಂದ್ಬಿಟ್ಟ ಆ ಮನುಷ್ಯ. ಹಾಗೇ ಅಚ್ಚು ಹಾಕಿದ್ರು. ಆಮೇಲೆ ಎಲ್ಲಿಗ್ ಹೋದ್ರೂ ಜನ ಬಿಕ್ಕಳಿಕೆ, ಬಿಕ್ಕಳಿಕೆ ಅಂತ ಕೂಗೋರು. ಸರಿಯಾಗಿ ಬಾರಿಸೋಕ್ ಹೋದ್ರೆ ಅರ್ಧಕ್ಕೇ ತಪ್ಪು ಅಂತ ಕೂಗಿ ನಿಲ್ಲಿಸೋರು, ನಗೋರು. ಕೊನೆಗೆ ಆ ಹಾಡೇ ಬಿಟ್ಟ. ರಾತ್ರಿ ಬಂದು ಗೋಡೆಗೆ ಗುದ್ದೋನು. ಈಗ ನೀನು ಅದನ್ನ ಹಾಳೆ ಮೇಲೆ ಅಂದವಾಗಿ ಬರೀತೀಯಾ?"

"ಬ್ಯಾಂಡಿನವ್ರು ಹಾಗೇ ಬೇಕು ಅಂತಾರಲ್ಲಮ್ಮ. ನಾನೇನ್ ಮಾಡ್ಲಿ? ಹೋಗ್ಲಿ, ಆ ಜಾಗದಲ್ಲಿ ಅವರು ನಿಜವಾಗಿ ಏನ್ ಬಾರಿಸ್ತಿದ್ರು?"

"ನಂಗ್ ಗೊತ್ತಿಲ್ಲ. ಒಂದೇ ಒಂದ್ ದಿನಾನೂ ಮನೇಲಿ ಬಾರಿಸ್ಲಿಲ್ಲ." ಅವಳು ಎದ್ದು ಬಾಗಿಲು ತೆರೆದಳು. "ಹೋಗು, ಹೋಗಿ ಆ ಬಿಳಿಯನ ಕೈ ಬಾರಿಸು. ನನ್ನ ಗಂಡನ ಹೆಸರು ಹೇಳ್ಬೇಡ."

ಈಗ ಗೊತ್ತಾಯಿತಲ್ಲ ಕೋಪ ಯಾಕೆ ಅಂತ? ಒಂದು ತಪ್ಪಿನ ಹಿಂದೆ ಇಷ್ಟು ದಿನ ನಿದ್ದೆಗೆಟ್ಟೆನಲ್ಲ... ಬದುಕಿದ್ದಾಗ ಈ ಮನುಷ್ಯ ಒಂದು ಮಾತು ಹೇಳಿ ಸಾಯಬಾರದಿತ್ತೇ... ಹೀಗೆ ಗೊಣಗುತ್ತ ಲೆಮ್ ಬಾವಿಯ ಹತ್ತಿರ ಬಂದ.

ಸರ್‌ರ್... ಸರ್‌ರ್...

ರೆಕಾರ್ಡಿನ ಖಾಲಿ ಗೆರೆಯಲ್ಲಿ ಮುಳ್ಳು ಓಡುವ ಸದ್ದು. ಲೆಮ್ ನಿಂತ. ಹಗಲೂ ರಾತ್ರಿ ಕೇಳಿ ಕೇಳಿ ಕಿವಿಯಲ್ಲಿ ಉಳಿದಿರಬೇಕು ಅಂದುಕೊಂಡ. ಅಷ್ಟರಲ್ಲಿ ಗಿಟಾರ್ ಶುರುವಾಯಿತು. ಸಣ್ಣಗೆ. ಮುಚ್ಚಳದ ಕೆಳಗಿಂದ. ಸ್ವರ ಹತ್ತಿತು, ಹತ್ತಿತು...

ಟಕ್.

ಬಿಕ್ಕಳಿಕೆ ಬರಲಿಲ್ಲ. ಏನೂ ಬರಲಿಲ್ಲ. ಮತ್ತೆ ಮೊದಲಿಂದ ಶುರು. ಮತ್ತೆ ಹತ್ತಿತು. ಟಕ್. ಮತ್ತೆ. ಟಕ್... ಆಮೇಲೆ ಯಾರೋ ಏದುಸಿರು ಬಿಡುವ ಸದ್ದು. ಲೆಮ್‌ನ ಕುತ್ತಿಗೆಯ ಕೂದಲು ನೆಟ್ಟಗಾಯಿತು. ಓಡಬೇಕು ಅನ್ನಿಸಿತು. ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತ.

ಪಿಸುಮಾತು ಬಂತು.

"ಇನ್ನೊಂದ್ ಸಲ..."

ಲೆಮ್ ಮುಚ್ಚಳದ ಕಡೆ ಕಿವಿ ಕೊಟ್ಟ.

"ಇನ್ನೊಂದೇ ಒಂದ್ ಸಲ... ಸಾರ್..."

ಆ 'ಸಾರ್' ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಅವನ ಹೆದರಿಕೆ ಎಲ್ಲಿ ಹೋಯಿತೋ. ಟಾಲಿವರ್ ಅಂದರೆ ಈ ಗುಡ್ಡದಲ್ಲಿ ಪೊಲೀಸಿನವನ ಮುಂದೆಯೂ ತಲೆ ತಗ್ಗಿಸದ ಮನುಷ್ಯ. ಸತ್ತ ಮೇಲೂ, ಮಣ್ಣಿನ ಕೆಳಗೂ, ಆ ಕಂಪನಿಯವನಿಗೇ ಸಾರ್ ಅಂತಿದ್ದಾನಾ? ಲೆಮ್ ಬಾವಿಯ ಮುಚ್ಚಳಕ್ಕೆ ಬೂಟುಗಾಲಲ್ಲಿ ಒದ್ದ. ಢಣ್!

"ಯಾರ್ರೀ ನಿಮಗೆ ಸಾರ್? ಇಲ್ಲಿ ಯಾವ ಸಾರ್ ಕೂಡ ಇಲ್ಲ! ಬಾರ್ಸಿ!"

ತೀರಾ ಹತ್ತಿರ, ಅವನ ಎದೆಯ ಮಟ್ಟದಲ್ಲಿ...

"ಕೈ..."

"ಏನು?"

"ಕೈ ತೆಗೆಯೋಕ್ ಹೇಳು..."

ಲೆಮ್ ಕಣ್ಣಿಗೆ ಏನೂ ಕಾಣಲಿಲ್ಲ. ಸುಳ್ಳು ಹೇಳುವವನಾಗಿದ್ದರೆ ಕಂಡೆ ಅಂತಲೇ ಹೇಳುತ್ತಿದ್ದ. ಪೆಟ್ಟಿಗೆ ನೆಲಕ್ಕಿಟ್ಟು, ಬಾವಿಯ ಮೇಲೆ ಕತ್ತಲಲ್ಲಿ ಕೈ ಚಾಚಿದ. ಗಾಳಿ... ಗಾಳಿ... ಆಮೇಲೆ ಸಿಕ್ಕಿತು. ಒಂದು ಮುಂಗೈ. ತಣ್ಣಗೆ, ಮೆತ್ತಗೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ತೋಳು. ಅದು ಏನನ್ನೋ ಬಿಗಿಯಾಗಿ ಅದುಮಿ ಹಿಡಿದಿತ್ತು. ಲೆಮ್ ಹಲ್ಲು ಕಚ್ಚಿ, ಕುಲುಮೆಯ ಬಾಗಿಲು ಎಳೆಯುವ ಹಾಗೆ ಎಳೆದ. ಬರಲಿಲ್ಲ. ಬೈದುಕೊಂಡು ಮತ್ತೆ ಎಳೆದ.

ಪರ್‌ರ್... ಬಟ್ಟೆ ಹರಿದ ಸದ್ದು. ಕೈಯಲ್ಲಿ ಏನೂ ಉಳಿಯಲಿಲ್ಲ.

ಗಿಟಾರ್ ಶುರುವಾಯಿತು. ಸ್ವರ ಹತ್ತಿತು. ಆ ಜಾಗ ಬಂತು... ದಾಟಿತು. ತುದಿ ಮುಟ್ಟಿ, ಅಲ್ಲಿ ಒಂದು ಗಳಿಗೆ ತೂಗಿ, ಯಾರೂ ಕೇಳಿರದ ಒಂದು ತಿರುವು ತಿರುಗಿ ಮೆಲ್ಲಗೆ ಕೆಳಗಿಳಿಯಿತು. ಒಂದೇ ಸಲ. ಆಮೇಲೆ ಬರೀ ಗಾಳಿ, ದೂರದಲ್ಲಿ ಕಾರ್ಖಾನೆಯ ಗಡಗಡ.

ಲೆಮ್ ಓಡಿದ. ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಬರೆಯಲು ಕೂತ. ಮತ್ತೊಮ್ಮೆ ಕೇಳಬೇಕಾಗಲಿಲ್ಲ. ಬೆರಳಿಗೆ ಆಗಲೇ ಗೊತ್ತಿತ್ತು.

ಶನಿವಾರ ಕ್ಲಬ್ಬು ತುಂಬಿತ್ತು. ಲೆಮ್ ಬುದ್ಧಿವಂತ, ರೆಕಾರ್ಡಿನ ಹಾಗೇ ಬಾರಿಸಬೇಕು, ಕೆಲಸ ಹಿಡಿಯಬೇಕು ಅಂತ ನಿಶ್ಚಯ ಮಾಡಿಕೊಂಡೇ ಹೋಗಿದ್ದ. ಬಾವಿಯದ್ದು ತನ್ನೊಳಗಿರಲಿ ಅಂತ. ಬೆರಳು ತಪ್ಪಿದ್ದು ಅಂತ ಗೊತ್ತಾದ ಮೇಲೆ ಬಿಕ್ಕಳಿಕೆಯೂ ಕೈಗೆ ಸಿಕ್ಕಿತ್ತು. ಬಾರಿಸಿದ. ಸ್ವರ ಹತ್ತಿತು. ಜನ ಬಿಕ್ಕಳಿಕೆಗೆ ಬಾಯಿ ತೆರೆದು ಕೂತಿದ್ದರು. ಬೆರಳು ಕೇಳಲಿಲ್ಲ. ದಾಟಿಹೋಯಿತು.

"ಏಯ್, ತಪ್ಪು!" ಹಿಂದಿನಿಂದ ಒಬ್ಬ ಕೂಗಿದ. ನಗು. ಗ್ಲಾಸು ಕುಟ್ಟುವ ಸದ್ದು.

ಬ್ಯಾಂಡಿನ ಯಜಮಾನ ಒಳ್ಳೆಯವನೇ. "ಚೆನ್ನಾಗಿದೆಯಪ್ಪಾ. ಆದ್ರೆ ಟಾಲಿವರ್ ಬಾರಿಸಿದ್ದು ಹಾಗಲ್ಲ. ಇನ್ನೊಮ್ಮೆ."

ಇನ್ನೊಮ್ಮೆ ಬಾರಿಸಿದ. ಹಾಗೇ ಬಂತು. ಬೆವರಿಳಿಯಿತು. ಮತ್ತೊಮ್ಮೆ. ಹಾಗೇ.

"ಅವ್ರು ಬಾರಿಸ್ಬೇಕಂತಿದ್ದದ್ದು ಇದೇ!" ಲೆಮ್ ಕೂಗಿಯೇಬಿಟ್ಟ. "ನೀವು ಇಷ್ಟು ವರ್ಷ ಶಿಳ್ಳೆ ಹೊಡ್ಕೊಂಡ್ ಓಡಾಡಿದ್ದು ಅವರ ಸಂಗೀತ ಅಲ್ಲ, ಅವರಿಗಾದ ಅವಮಾನ!"

"ನಿಂಗೆ ಯಾರ್ ಹೇಳಿದ್ದು?"

"ಅವ್ರೇ. ಮೊನ್ನೆ ರಾತ್ರಿ."

ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಕೆಲಸ ಇನ್ನೊಬ್ಬನಿಗೆ ಹೋಯಿತು. ಅವನು ಟಕ್ ಕುಂಯ್ಕ್ ಅಂತ ಬಾರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಲೆಮ್ ಹೊರಗೆ ಬಂದು, ಆಕಾಶ ನೋಡಿ ಟಾಲಿವರನನ್ನು ಬಾಯಿಗೆ ಬಂದ ಹಾಗೆ ಬೈದ. ನಿನ್ನ ಹೆಗಲಿನ ಕೈ ತೆಗೆದದ್ದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ ಅಂತ.

ಭಾನುವಾರ ಚರ್ಚು ಮುಗಿದ ಮೇಲೆ ಇಮೋಜೀನಮ್ಮನ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಲ್ಲಿಸಿದಳು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಾರಿಸಿದ. ಮುಗಿಯಿತು. ಅಳುತ್ತಾಳೆ ಅಂದುಕೊಂಡಿದ್ದ. ಅವಳು ಅಳಲಿಲ್ಲ. ಮುಖ ಕಪ್ಪಿಟ್ಟಿತು.

"ಇದು ಹೊರೇಸನ ಕೈ. ಎಲ್ಲಿ ಸಿಕ್ತು ಇದು?"

ಲೆಮ್ ಹೇಳಿದ. ಬಾವಿ, ಪಿಸುಮಾತು, ಕೈ, ಎಲ್ಲ.

"ನಿನ್ ಹತ್ರ ಬಂದ್ನಾ? ನಿನ್ ಹತ್ರ?" ಅವಳ ದನಿ ಬೀದಿಗೆಲ್ಲ ಕೇಳಿಸಿತು. "ನೀನ್ ಯಾರೋ ಅವನಿಗೆ? ಹಾಸಿಗೆಯ ಆ ಕಡೆ ಇವತ್ತಿಗೂ ಖಾಲಿ ಬಿಟ್ಟು ಮಲಗ್ತೀನಿ ನಾನು. ಗೋಡೆಗೆ ಗುದ್ದಿದ ಕೈಗೆ ಎಣ್ಣೆ ಹಚ್ಚಿದೋಳು ನಾನು. ನನ್ನ ಕೇಳ್ಬಹುದಿತ್ತಲ್ಲ, ಇಮೋಜೀನ್, ಈ ಕೈ ತೆಗಿ ಅಂತ... ನಾನ್ ತೆಗೀತಿರ್ಲಿಲ್ವಾ?"

ಬಾಗಿಲು ಬಡಿದ ರಭಸಕ್ಕೆ ಗಿಟಾರಿನ ತಂತಿಗಳೆಲ್ಲ ಝುಂ ಅಂದವು.

ಇದಾದ ಮೇಲೂ ಲೆಮ್ ಕಾರ್ಖಾನೆಗೇ ಹೋಗುತ್ತಿದ್ದಾನೆ. ಬೆರಳುಗಳು ಇವೆ, ದೇವರ ದಯೆ. ಸೋಲೋ ಬರೆದ ಹಾಳೆಯನ್ನು ಯಾರು ಕೇಳಿದರೂ ಕೊಡುತ್ತಾನೆ. ಯಾರೂ ಕೇಳುವುದಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಏನಾಯಿತು ಅಂತ ಹೇಳಲಿಲ್ಲ ಅಲ್ಲವೇ? ಕ್ಲಿಯೋಟಾ ಎದ್ದು ಅಡಿಗೆಮನೆಗೆ ಬಂದಳು. ಬಾಗಿಲಿನ ಚಿಲಕ ಒಳಗಿಂದ ಹಾಕಿದ ಹಾಗೇ ಇತ್ತು. ಗೋಡೆಗೆ ಒರಗಿಸಿಟ್ಟ ಗಿಟಾರಿನ ತಲೆಯಲ್ಲಿ, ತಂತಿಯ ತುದಿಗೆ ಸಿಕ್ಕಿಸಿದ ಒಂದು ಸಿಗರೇಟು. ಅರ್ಧ ಸೇದಿದ್ದು. ಇನ್ನೂ ಹೊಗೆಯಾಡುತ್ತಿತ್ತು. ಆ ಮನೆಯಲ್ಲಿ ಸಿಗರೇಟು ಸೇದುವವರು ಯಾರೂ ಇಲ್ಲ. ಮರ ಸುಟ್ಟ ಕಲೆ ಹಾಗೇ ಇದೆ, ನಾನೇ ಬೆರಳಿಟ್ಟು ನೋಡಿದ್ದೇನೆ. ನಂಬಿಕೆ ಬರದಿದ್ದರೆ ನಾಳೆ ಹೋಗಿ ಕ್ಲಿಯೋಟಾಳನ್ನೇ ಕೇಳಿ. ದಿನಾ ಬೆಳಿಗ್ಗೆ ಆ ಬೂದಿ ಗುಡಿಸುವವಳು ಅವಳೇ.