ಹುಲಿಗೆವ್ವನ ಗೌಜಲಕ್ಕಿ

ಹತ್ರ ಬರ್ರಿ, ಇನ್ನಷ್ಟು ಹತ್ರ ಬರ್ರಿ. ದೂರ ಕುಂತವರ ಕಿವಿಗೆ ಈ ಕಥೆ ಅರ್ಧಾನೇ ಮುಟ್ಟತೈತಿ.

ಯಾವುದೋ ಸೀಮೆ, ಯಾವುದೋ ಊರು. ಹೆಸರು ನನಗೂ ಯಾರೂ ಹೇಳಲಿಲ್ಲ, ನೀವೂ ಕೇಳಬ್ಯಾಡ್ರಿ. ಊರ ಕಡೀಗೆ, ಕುರುಚಲು ಅಡವಿ ಅಂಚಿಗೆ ಒಂದು ಗುಡಿಸಲು. ಅದರಾಗ ಬುಟ್ಟಿ ಹೆಣಿಯೋ ದುರುಗಪ್ಪ, ಅವನ ಹೆಂಡತಿ ಹುಲಿಗೆವ್ವ.

ಹುಲಿಗೆವ್ವನ ಮಾತು ಬಲು ತುಟ್ಟಿ. ಗಂಡ ಹಸಿರು ಬಳೆ ತಂದ, ಇಟ್ಟುಕೊಂಡಳು. ಕೆಂಪು ಸೆರಗಿನ ಸೀರೆ ತಂದ, ಉಟ್ಟುಕೊಂಡಳು. ಬೆಲ್ಲ ತಂದ, ತಿಂದಳು. ಒಂದು ಮಾತು? ಇಲ್ಲ. ಒಂದು ನಗು? ಅದೂ ಇಲ್ಲ.

ಒಂದು ಮುಂಜಾನೆ ಹಿತ್ತಲದಾಗ ಸಜ್ಜೆ ಕೇರತಿದ್ದಳು. ಬೇಲಿ ಸಂದಿಯಿಂದ ಗೌಜಲಕ್ಕಿಯೊಂದು ಗುಡುಗುಡು ಓಡಿ ಬಂತು. ಮನುಷ್ಯರ ನೆರಳು ಕಂಡರೆ ಪುರ್ರನೆ ಹಾರೋ ಅಡವಿ ಹಕ್ಕಿ ಅದು. ನೆತ್ತಿ ಮ್ಯಾಲೆ ಬಿಳಿ ಮಚ್ಚೆ. ಸೀದಾ ಆಕಿ ಮೊರದ ಮುಂದೆ ನಿಂತು ಕಾಳು ಹೆಕ್ಕಿತು.

"ಅಯ್ಯ ನನ್ನವ್ವಾ, ಯಾವ ಪೊದಿಯಾಗ ಮಲಗಿದ್ದಿ? ಥಂಡಿ ಹತ್ತಲಿಲ್ಲಾ?" ಅಂತ ಹುಲಿಗೆವ್ವ ಶುರು ಹಚ್ಚಿದಳು. ತವರಿನ ಮಾತು, ಬಾವಿಕಟ್ಟಿ ಮಾತು, ಕನಸಿನ ಮಾತು. ನಡುನಡುವೆ ಕಿಲಕಿಲ ನಗು!

ಒಳಗೆ ಬಿದಿರು ಸೀಳತಿದ್ದ ದುರುಗಪ್ಪನ ಕೈ ನಿಂತಿತು. ಹೊಟ್ಟಿಯೊಳಗ ಕೆಂಡ ಬಿತ್ತು. "ನನಗಿಲ್ಲದ ಮಾತು ಈ ಹಕ್ಕಿಗಾ?"

ಹಕ್ಕಿ ದಿನಾ ಬಂತು. ಮಾತೂ ದಿನಾ ಬೆಳೀತು. ಕೆಂಡ ಸುಮ್ಮನಿದ್ದೀತಾ?

ಮೊದಲನೇ ಸಲ, ಹೆಂಡತಿ ನೀರಿಗೆ ಹೋದಾಗ, ಹೋ ಅಂತ ಕೂಗಿ ಓಡಿಸಿದ. ಮರುದಿನ ಬಂತು. ಎರಡನೇ ಸಲ ಕವಣೆಗಲ್ಲು ಬೀಸಿದ. ಕೊಡ ಒಡೀತು, ಹಕ್ಕಿ ಮರುದಿನ ಬಂತು. ಮೂರನೇ ಸಲ ಬುಟ್ಟಿ ಬೋರಲು ಹಾಕಿ ಹಿಡಿದ. ಮೂರು ಗುಡ್ಡ ದಾಟಿಸಿ ಬಿಟ್ಟು ಬಂದ. ಹಕ್ಕಿ ಬರಲಿಲ್ಲ.

"ಇನ್ನು ನನ್ನ ಕೂಡ ಮಾತಾಡತಾಳ" ಅಂತ ಕಾದ. ಆಡಿದಳೇನು? ಎಲ್ಲಿದು! ಒಂದು ವಾರ ಬೇಲಿ ನೋಡಿದಳು. ಎರಡು ವಾರ ಬೇಲಿ ನೋಡಿದಳು. ಮೂರನೇ ವಾರ ಅನ್ನದ ಗಂಗಾಳ ದೂರ ಸರಿಸಿದಳು.

ದುರುಗಪ್ಪನಿಗೆ ತಡಕೊಳ್ಳಾಕ ಆಗಲಿಲ್ಲ. "ಹಕ್ಕಿಗೆ ಕಲ್ಲು ಬೀಸಿ ಕೊಡ ಒಡದಾಂವ ನಾನೇ. ಅದನ್ನ ಬುಟ್ಟಿಯಾಗ ಹಾಕಿ ಒಯ್ದು ಬಿಟ್ಟು ಬಂದಾಂವನೂ ನಾನೇ" ಅಂದ.

ಹುಲಿಗೆವ್ವ ಅಳಲಿಲ್ಲ. ಸೆರಗಿನಾಗ ಸಜ್ಜೆ ಕಟ್ಟಿಕೊಂಡು ಎದ್ದಳು. "ಎಲ್ಲಿ ಬಿಟ್ಟೀರಿ, ತೋರಸ್ರಿ."

ಮೂರು ಗುಡ್ಡ ದಾಟಿದರು. ಒಂದು ಪೊದಿ ಬುಡದಾಗ ಅದೇ ಹಕ್ಕಿ, ಅದೇ ಬಿಳಿ ಮಚ್ಚೆ. ಕೆಳಗೆ ತತ್ತಿ. "ಬಾ ನನ್ನವ್ವಾ" ಅಂತ ಕಾಳಿನ ಕೈ ಚಾಚಿದಳು. ಹಕ್ಕಿ ಗರಿ ಕೆದರಿ ಆ ಕೈಗೇ ಕುಕ್ಕಿತು. ತತ್ತಿ ಮ್ಯಾಲೆ ರೆಕ್ಕೆ ಹರವಿ ಕುಂತಿತು.

ಹುಲಿಗೆವ್ವನ ಮುಖ ಕಪ್ಪಿಟ್ಟಿತು. "ನಾಕು ತತ್ತಿ ಆಗಿದ್ದೇ ತಡ, ನನ್ನ ಗುರುತೇ ಇಲ್ಲ ನೋಡ್ರಿ ಇದಕ್ಕ!"

ಆ ಮುಖ ದುರುಗಪ್ಪನಿಗೆ ಗೊತ್ತಿತ್ತು. ಕೊಡದ ನೀರಾಗ ಬಗ್ಗಿ ನೋಡಿದಾಗೆಲ್ಲ ಅವನಿಗೆ ಕಂಡ ತನ್ನದೇ ಮುಖ ಅದು.

"ಉರಿತೈತೇನು?" ಅಂದ ಮೆಲ್ಲಗೆ.

"ಉರಿತೈತಿ."

"ನನಗೂ ಹಿಂಗ ಉರೀತು. ನೀ ಅದರ ಸಂಗಾಟ ಅಷ್ಟು ಮಾತಾಡತಿದ್ದಿ."

ಹುಲಿಗೆವ್ವ ಗಂಡನ ಮುಖ ನೋಡಿದಳು. ಸಜ್ಜೆಯೆಲ್ಲ ಪೊದಿ ಮುಂದೆ ಸುರಿದು, ಸೆರಗು ಕೊಡವಿದಳು. ಆಮ್ಯಾಲೆ ಬಾಯಿ ತೆಗೆದಳು ನೋಡ್ರಿ!

"ಬಳಿ ತಂದ್ರಿ, ಸೀರಿ ತಂದ್ರಿ. ಉಂಡೇನು, ನಿದ್ದಿ ಬಂತೇನು ಅಂತ ಒಂದು ದಿನಾ ಕೇಳಿದ್ರೇನು? ಹಕ್ಕಿಗೆ ಕಲ್ಲು ಬೀಸಾಕ ಹೋಗಿ ನನ್ನ ಕೊಡಾ ಒಡದ್ರಿ! ಬಸರಾಗಿದ್ದ ಹಕ್ಕಿನ್ನ ಬುಟ್ಟಿಯಾಗ ತುಂಬೀರಲ್ಲ..."

ಮೊದಲನೇ ಗುಡ್ಡ ದಾಟಿದರು, ಬೈಗುಳ ಮುಗೀಲಿಲ್ಲ. ಎರಡನೇ ಗುಡ್ಡ ದಾಟಿದರು, ಮುಗೀಲಿಲ್ಲ. ಮೂರನೇ ಗುಡ್ಡದ ಮ್ಯಾಲೆ ಆಕಿ ಉಸಿರು ತಗೊಳ್ಳಾಕ ನಿಂತಳು.

"ಇನ್ನೂ ಐತೇನು?" ಅಂತ ದುರುಗಪ್ಪ ಆಸೆಯಿಂದ ಕೇಳಿದ.

"ಐತಿ" ಅಂದಳು ಹುಲಿಗೆವ್ವ. "ನಡೀರಿ, ಹೇಳತೀನಿ."

ಅವರು ಗುಡ್ಡ ಇಳಿದರು, ನಾನು ಕಥೆ ಇಳಿಸಿದೆ. ಏಳ್ರಿ, ನಿಮ್ಮ ಮನಿಯಾಗೂ ಯಾರೋ ಮಾತಿಗೆ ಕಾದಿರತಾರ.